ಕನ್‌ಸ್ಟ್ರಕ್ಟರ್ ಓಡುವುದು ಒಂದೇ ಸಲ

ಬುಧವಾರ ಬೆಳಿಗ್ಗೆ ತಯಾರಾದ ಪಿಡಿಎಫ್‌ಗಳೆಲ್ಲ ಮಂಗಳವಾರದ ದಿನಾಂಕ ಹೊತ್ತು ಮಂಗಳವಾರದ ಫೋಲ್ಡರಿಗೆ ಹೋಗಿ ಕುಳಿತಿದ್ದವು. ಲಾಗ್ ತೆರೆದರೆ ಒಂದೇ ಒಂದು ದೋಷವಿಲ್ಲ, ಸಾಲು ಸಾಲಾಗಿ 'ಯಶಸ್ವಿ'. ಸರ್ವರಿನ ಗಡಿಯಾರ ಸರಿಯಾಗಿತ್ತು, ಟೈಮ್‌ಝೋನ್ ಸರಿಯಾಗಿತ್ತು. ಸರಿಯಿಲ್ಲದಿದ್ದದ್ದು ಹಿಂದಿನ ದಿನ ನಾನು ಬಹಳ ಹೆಮ್ಮೆಯಿಂದ ಮಾಡಿದ್ದ ಬದಲಾವಣೆ.

ಅದು ವೆಬ್‌ಸೈಟುಗಳಿಗೆ ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್. ಡೇಟಾಬೇಸಿನ ಒಂದು ಟೇಬಲ್ಲಿನಲ್ಲಿ ಕಾದು ನಿಂತ ಕೆಲಸಗಳನ್ನು ಎತ್ತಿಕೊಂಡು, ಒಂದೊಂದಕ್ಕೂ ಪಿಡಿಎಫ್ ಮಾಡಿ, ಮೇಲ್ ಕಳುಹಿಸುವುದು ಅದರ ಕೆಲಸ. ಹೇಳಿದ ಹೊತ್ತಿಗೆ ಪ್ರೋಗ್ರಾಮುಗಳನ್ನು ಓಡಿಸುವ ಕ್ರಾನ್ ನಿಮಿಷಕ್ಕೊಮ್ಮೆ ಅದನ್ನು ಎಬ್ಬಿಸುತ್ತಿತ್ತು. ಕೆಲಸ ಹೆಚ್ಚಾದಂತೆ ಒಂದು ಸುತ್ತು ಮುಗಿಯಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯತೊಡಗಿತು. ಮೊದಲನೆಯದು ಮುಗಿಯುವ ಮುನ್ನವೇ ಎರಡನೆಯದು ಎದ್ದು ಅದೇ ಕೆಲಸವನ್ನು ಎತ್ತಿಕೊಂಡು, ಒಬ್ಬರಿಗೇ ಎರಡೆರಡು ಮೇಲ್ ಹೋದವು. ಇದಕ್ಕೆ ಪರಿಹಾರವೆಂದು ನಾನು ಆರಿಸಿಕೊಂಡದ್ದು ಡೀಮನ್, ಅಂದರೆ ಹಿನ್ನೆಲೆಯಲ್ಲಿ ನಿಲ್ಲದೆ ಓಡುವ ಪ್ರೋಗ್ರಾಮ್. ಕ್ಲಾಸುಗಳು, ಅಂದರೆ ಆಬ್ಜೆಕ್ಟುಗಳನ್ನು ಹುಟ್ಟಿಸುವ ಅಚ್ಚುಗಳು, ಹೇಗೂ ಅಚ್ಚುಕಟ್ಟಾಗಿದ್ದವು. ಮುಖ್ಯ ಆಬ್ಜೆಕ್ಟ್ ಅನ್ನು ಒಂದು ಮುಗಿಯದ ಲೂಪಿನೊಳಗೆ ಕೂರಿಸಿದರೆ ಆಯಿತು ಎಂದುಕೊಂಡೆ.

ಡೀಮನ್ ಎಂಬ ಹೆಸರಿಗೂ ದೆವ್ವಕ್ಕೂ ಸಂಬಂಧವಿಲ್ಲ. 1963ರ ಸುಮಾರಿಗೆ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್ ತಂಡದವರು ಈ ಹೆಸರಿಟ್ಟದ್ದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್‌ನ ಕಲ್ಪನೆಯಿಂದ. ಅಣುಗಳನ್ನು ಬೇರ್ಪಡಿಸುತ್ತಾ ಕಣ್ಣಿಗೆ ಬೀಳದೆ ದುಡಿಯುವ ಒಬ್ಬ ಕಾಲ್ಪನಿಕ ಕೆಲಸಗಾರ, ಮ್ಯಾಕ್ಸ್‌ವೆಲ್‌ನ ಡೀಮನ್. ನನ್ನದು ಮಾತ್ರ ಅಪ್ಪಟ ದೆವ್ವವೇ ಆಗಿತ್ತು. ರಾತ್ರಿ ಹನ್ನೆರಡು ಕಳೆದ ಮೇಲೆಯೇ ಅದರ ಕಾಟ ಶುರು.

ಕಾರಣ ಸಿಕ್ಕಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಡತದ ದಾರಿ ಹೇಳುವ ಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲಿ, ಅಂದರೆ ಆಬ್ಜೆಕ್ಟ್ ಹುಟ್ಟುವಾಗ ಒಂದೇ ಸಲ ಓಡುವ ಭಾಗದಲ್ಲಿ, ಇವತ್ತಿನ ದಿನಾಂಕ ಓದಿ ಇಟ್ಟುಕೊಳ್ಳುವ ಒಂದು ಸಾಲಿತ್ತು. ಕ್ರಾನಿನ ಕಾಲದಲ್ಲಿ ಆ ಆಬ್ಜೆಕ್ಟ್ ನಿಮಿಷಕ್ಕೊಮ್ಮೆ ಹುಟ್ಟಿ ಸಾಯುತ್ತಿದ್ದುದರಿಂದ 'ಇವತ್ತು' ಯಾವಾಗಲೂ ಇವತ್ತೇ ಆಗಿರುತ್ತಿತ್ತು. ಡೀಮನ್ನಿನಲ್ಲಿ ಅದು ಹುಟ್ಟಿದ್ದು ಮಂಗಳವಾರ ಮಧ್ಯಾಹ್ನ, ಆಮೇಲೆ ಸಾಯಲೇ ಇಲ್ಲ. ಬದುಕಿರುವಷ್ಟು ಕಾಲವೂ ಅದಕ್ಕೆ ಮಂಗಳವಾರವೇ. ಪಿಎಚ್‌ಪಿ ಬೆಳೆದು ಬಂದದ್ದೇ ಒಂದು ವಿನಂತಿಗೆ ಉತ್ತರ ಕೊಟ್ಟು ಕಣ್ಣು ಮುಚ್ಚುವ ರೀತಿಯಲ್ಲಿ. ವರ್ಷಗಟ್ಟಲೆ ಅದರಲ್ಲಿ ಬರೆದವರ ಕೈಗೆ ಅದೇ ಅಭ್ಯಾಸ ಕೂತಿರುತ್ತದೆ, ನಾವು ಮಾಡಿದ ಹೊಲಸನ್ನೆಲ್ಲ ಸಾವು ತೊಳೆದುಬಿಡುತ್ತದೆ ಎಂಬ ನೆಚ್ಚಿಕೆಯಲ್ಲಿ.

ದಿನಾಂಕವನ್ನು ಕನ್‌ಸ್ಟ್ರಕ್ಟರಿನಿಂದ ತೆಗೆದು, ಬೇಕಾದಾಗಲೆಲ್ಲ ಕೇಳಿಕೊಳ್ಳುವ ಮೆಥಡ್ಡಿಗೆ ಹಾಕಿದೆ. ತಿದ್ದಿದ ಕಡತವನ್ನು ಸರ್ವರಿಗೆ ಏರಿಸಿ ಮನೆಗೆ ಹೋದೆ. ಗುರುವಾರ ಬೆಳಿಗ್ಗೆ ನೋಡಿದರೆ ಮತ್ತೆ ಮಂಗಳವಾರ! ಡಿಸ್ಕಿನಲ್ಲಿ ಕಡತ ಬದಲಾಗಿತ್ತು, ಓಡುತ್ತಿದ್ದ ಪ್ರೋಸೆಸ್ಸಿನ ನೆನಪಿನಲ್ಲಿ ಹಳೆಯ ಕ್ಲಾಸೇ ಇತ್ತು. ರೀಸ್ಟಾರ್ಟ್ ಮಾಡಬೇಕೆಂಬುದೇ ನನಗೆ ಹೊಳೆದಿರಲಿಲ್ಲ, ಏಕೆಂದರೆ ಕ್ರಾನಿನಲ್ಲಿ ಮುಂದಿನ ನಿಮಿಷವೇ ರೀಸ್ಟಾರ್ಟ್ ಆಗಿರುತ್ತಿತ್ತು. ಇದಕ್ಕಿಂತ ಕೆಟ್ಟದ್ದನ್ನು ಮುಂದೊಂದು ದಿನ ಕಂಡೆ. ಆಟೋಲೋಡರ್ ಕ್ಲಾಸುಗಳನ್ನು ಓದುವುದು ಮೊದಲ ಸಲ ಬೇಕಾದಾಗ ಮಾತ್ರ. ಹೀಗಾಗಿ ಬೆಳಿಗ್ಗೆಯೇ ನೆನಪಿಗೆ ಬಂದಿದ್ದ ಹಳೆಯ ಕ್ಲಾಸು, ಸಂಜೆ ಹೊಸ ಕೋಡ್ ಏರಿಸಿದ ಮೇಲೆ ಮೊದಲ ಬಾರಿಗೆ ಓದಿಕೊಂಡ ಹೊಸ ಕ್ಲಾಸನ್ನು ಕರೆಯಿತು. ಹಳೆಯದು ಎರಡು ಆರ್ಗ್ಯುಮೆಂಟ್ ಕೊಡುತ್ತಿತ್ತು, ಹೊಸದಕ್ಕೆ ಮೂರು ಬೇಕಿತ್ತು. ರೆಪಾಸಿಟರಿಯ ಯಾವ ಆವೃತ್ತಿಯಲ್ಲೂ ಇಲ್ಲದ ದೋಷ ಅದು. ಹುಡುಕುವುದಾದರೂ ಎಲ್ಲಿ?

ಪ್ರೋಸೆಸ್ಸನ್ನು ಹಿನ್ನೆಲೆಗೆ ತಳ್ಳುವ ಕಥೆ ಬೇರೆ. ಮೊದಲು ಕಮಾಂಡಿನ ಕೊನೆಗೆ ಒಂದು ಆಂಪರ್‌ಸ್ಯಾಂಡ್ (&) ಹಾಕಿ ಬಿಟ್ಟಿದ್ದೆ. ಟರ್ಮಿನಲ್ ಮುಚ್ಚಿದೊಡನೆ ಸಿಗ್‌ಹಪ್ ಸಂಕೇತ ಬಂದು ಅದೂ ಹೋಯಿತು. ನೋಹಪ್ ಹಾಕಿದರೆ ಆ ಸಂಕೇತದಿಂದ ಬಚಾವು, ಅಷ್ಟೇ. ಆಮೇಲೆ ಪುಸ್ತಕದ ಕ್ರಮ ಹಿಡಿದೆ. ಫೋರ್ಕ್ ಮಾಡಿ, ಅಂದರೆ ಪ್ರೋಸೆಸ್ಸಿನದೇ ನಕಲಾದ ಒಂದು ಮಗುವನ್ನು ಹುಟ್ಟಿಸಿ, ತಂದೆ ಪ್ರೋಸೆಸ್ಸನ್ನು ಮುಗಿಸುವುದು, ಮಗು ಸೆಟ್‌ಸಿಡ್ ಮೂಲಕ ಹೊಸ ಸೆಷನ್ ತೆರೆಯುವುದು, ಮತ್ತೆ ಟರ್ಮಿನಲ್ಲಿಗೆ ಅಂಟಿಕೊಳ್ಳದಂತೆ ಇನ್ನೊಂದು ಫೋರ್ಕ್, ಕೆಲಸದ ಡೈರೆಕ್ಟರಿಯನ್ನು ರೂಟಿಗೆ ಬದಲಿಸುವುದು. ಈ ಕೊನೆಯದರಿಂದ ಸ್ಕ್ರಿಪ್ಟಿನಲ್ಲಿ ಅರ್ಧಂಬರ್ಧ ಬರೆದಿದ್ದ ದಾರಿಗಳೆಲ್ಲ ಒಂದೇ ಸಲ ತಪ್ಪಿದವು. ಅದು ಒಳ್ಳೆಯದೇ ಆಯಿತು, ಕೂಡಲೇ ಕಂಡವು.

ಕಾಣದೆ ಸತಾಯಿಸಿದ್ದು ಡೇಟಾಬೇಸ್ ಕನೆಕ್ಷನ್. ಕೆಲಸ ಬೇಗ ಸಾಗಲೆಂದು ಡೀಮನ್ನು ಆಗಾಗ ಮಕ್ಕಳನ್ನು ಫೋರ್ಕ್ ಮಾಡುವಂತೆ ಬರೆದಿದ್ದೆ. ಮೊದಲ ಮಗು ತನ್ನ ಪಿಡಿಎಫ್ ಮುಗಿಸಿ ಹೊರಬೀಳುವುದೇ ತಡ, ತಂದೆಗೆ 'ಮೈಎಸ್‌ಕ್ಯೂಎಲ್ ಸರ್ವರ್ ಹೊರಟುಹೋಗಿದೆ' ಎಂಬ ದೋಷ. ಸರ್ವರ್ ಎಲ್ಲಿಗೂ ಹೋಗಿರಲಿಲ್ಲ. ಫೋರ್ಕ್ ಮಾಡಿದಾಗ ಆಬ್ಜೆಕ್ಟಿನ ಪ್ರತಿ ಎರಡಾಗುತ್ತದೆ, ಆದರೆ ಅದರ ಕೈಯಲ್ಲಿರುವ ಸಾಕೆಟ್, ಅಂದರೆ ಸರ್ವರಿನೊಂದಿಗಿನ ಕೊಂಡಿ, ಒಂದೇ. ಮಗು ಸಾಯುವಾಗ ಸಂಪ್ರದಾಯಬದ್ಧವಾಗಿ, ಆಬ್ಜೆಕ್ಟ್ ಅಳಿಯುವಾಗ ಓಡುವ ಡಿಸ್ಟ್ರಕ್ಟರುಗಳು ಓಡಿ, ಕನೆಕ್ಷನ್ ಆಬ್ಜೆಕ್ಟ್ 'ನಾನು ಹೊರಟೆ' ಎಂದು ಸರ್ವರಿಗೆ ಹೇಳುತ್ತದೆ. ಸರ್ವರ್ ಬಾಗಿಲು ಹಾಕಿಕೊಳ್ಳುತ್ತದೆ, ಒಳಗೆ ಇನ್ನೂ ತಂದೆ ಮಾತಾಡುತ್ತಿರುವುದು ಅದಕ್ಕೆ ಗೊತ್ತಿಲ್ಲ. ಫೋರ್ಕಿಗೆ ಮುನ್ನ ಕನೆಕ್ಷನ್ ಮುಚ್ಚಿ, ಆಮೇಲೆ ಇಬ್ಬರೂ ತಮ್ಮ ತಮ್ಮದನ್ನು ತೆರೆದುಕೊಳ್ಳುವಂತೆ ಮಾಡಿದ ಮೇಲೆ ಇದು ನಿಂತಿತು.

ನಿಂತಿತು ಎಂದುಕೊಂಡರೆ ಸೋಮವಾರ ಬೆಳಿಗ್ಗೆ ಅದೇ ದೋಷ ಮತ್ತೆ ಪ್ರತ್ಯಕ್ಷ. ಈ ಸಲ ಮಕ್ಕಳ ತಪ್ಪಿಲ್ಲ. ಮೈಎಸ್‌ಕ್ಯೂಎಲ್ ಮಾತಿಲ್ಲದೆ ಸುಮ್ಮನಿರುವ ಕನೆಕ್ಷನ್ನನ್ನು ಡೀಫಾಲ್ಟಾಗಿ 28,800 ಸೆಕೆಂಡು, ಅಂದರೆ ಎಂಟು ಗಂಟೆ ಸಹಿಸಿಕೊಂಡು ಆಮೇಲೆ ಕಡಿದುಹಾಕುತ್ತದೆ. ಭಾನುವಾರ ಕೆಲಸವೇ ಬಂದಿರಲಿಲ್ಲ.

ಬೆಳಗಾದರೆ ನನ್ನ ಮೇಜಿನ ಬಳಿ ಬಂದು ನಿಲ್ಲುತ್ತಿದ್ದವರು ಸರ್ವರ್ ನೋಡಿಕೊಳ್ಳುವ ಹಿರಿಯ ಸಹೋದ್ಯೋಗಿ. ಒಂದು ದಿನ ಕೇಳಿದರು: "ನಿಮ್ಮ ಡೀಮನ್ ಬದುಕಿದೆಯೇ?"

"ಬದುಕಿದೆ ಸರ್, ಪಿಐಡಿ ಕಡತ ಇದೆಯಲ್ಲ."

"ಕಡತ ಇದೆ. ಆ ನಂಬರಿನಲ್ಲಿ ಓಡುತ್ತಿರುವುದು ಯಾರು ಎಂದು ನೋಡಿದ್ದೀರಾ?"

ನೋಡಿರಲಿಲ್ಲ. ಹಿಂದಿನ ರಾತ್ರಿ ಕರೆಂಟು ಹೋಗಿ ಸರ್ವರ್ ಮತ್ತೆ ಎದ್ದಿತ್ತು. ಪ್ರೋಸೆಸ್ಸಿನ ಗುರುತಿನ ಸಂಖ್ಯೆ ಬರೆದಿಟ್ಟ ಪಿಐಡಿ ಕಡತ ಅಳಿಸದೆ ಉಳಿದು, ಆ ಸಂಖ್ಯೆ ಸಂಬಂಧವೇ ಇಲ್ಲದ ಇನ್ನೊಂದು ಪ್ರೋಸೆಸ್ಸಿಗೆ ಹಂಚಿಕೆಯಾಗಿತ್ತು. ನನ್ನ ಸ್ಕ್ರಿಪ್ಟ್ ಎದ್ದು, ಸಂಖ್ಯೆ ಜೀವಂತ ಇರುವುದನ್ನು ಕಂಡು, ತಾನಾಗಲೇ ಓಡುತ್ತಿದ್ದೇನೆಂದು ತಿಳಿದು ಮರ್ಯಾದೆಯಿಂದ ಮರಳಿ ಮಲಗಿತ್ತು. ಸಂಖ್ಯೆಯನ್ನು ನಂಬುವ ಬದಲು ಫ್ಲಾಕ್ ಬಳಸಿ ಕಡತಕ್ಕೆ ಬೀಗ ಹಾಕುವುದನ್ನು ಅವರೇ ತೋರಿಸಿದರು. ಬೀಗ ಹಿಡಿದ ಪ್ರೋಸೆಸ್ ಹೇಗೆ ಸತ್ತರೂ ಕರ್ನಲ್ ಅದನ್ನು ಬಿಡಿಸುತ್ತದೆ.

ಕೊನೆಗೆ ಅವರು ಇದನ್ನೆಲ್ಲ ಲಿನಕ್ಸಿನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿಗೆ (systemd) ಒಪ್ಪಿಸಲು ಹೇಳಿದರು. ನಾನು ನನ್ನ ಎರಡು ಫೋರ್ಕುಗಳ ಕಸರತ್ತನ್ನು ಹಾಗೆಯೇ ಇಟ್ಟುಕೊಂಡು ಸೇವೆಯನ್ನು ಹೇಗೆ ಓಡಿಸಬೇಕೆಂದು ಹೇಳುವ ಯೂನಿಟ್ ಕಡತದಲ್ಲಿ ಸಿಂಪಲ್ ಎಂಬ ಟೈಪ್ ಬರೆದೆ. ತಂದೆ ಹೊರಬಿದ್ದದ್ದನ್ನು ನೋಡಿ ಸಿಸ್ಟಂಡಿ ಸೇವೆ ಮುಗಿಯಿತೆಂದು ತಿಳಿದು ಉಳಿದ ಮಕ್ಕಳನ್ನೂ ಗುಡಿಸಿ ಹಾಕಿತು. ವಾರಗಟ್ಟಲೆ ಬೆವರು ಸುರಿಸಿ ಬರೆದ ಆ ನಲವತ್ತು ಸಾಲನ್ನು ಅಳಿಸಿದ್ದೇ ಪರಿಹಾರ. ಸಾಮಾನ್ಯ ಸ್ಕ್ರಿಪ್ಟಿನಂತೆ ಮುಂದೆ ನಿಂತು ಓಡಿದರೆ ಸಾಕು, ಹಿನ್ನೆಲೆಗೆ ಒಯ್ಯುವುದು, ಬರೆದದ್ದನ್ನು ಜರ್ನಲ್ಲಿಗೆ ಸೇರಿಸುವುದು, ಸತ್ತರೆ ಎಬ್ಬಿಸುವುದು ಎಲ್ಲ ಅದರದೇ ಹೊಣೆ.

ನನ್ನ ಪಾಲಿಗೆ ಉಳಿದದ್ದು ನೆಟ್ಟಗೆ ಸಾಯುವುದು. ನಿಲ್ಲಿಸಲು ಹೇಳಿದಾಗ ಸಿಸ್ಟಂಡಿ ಮೊದಲು ಸಿಗ್‌ಟರ್ಮ್ ಕಳುಹಿಸುತ್ತದೆ, ಡೀಫಾಲ್ಟಾಗಿ 90 ಸೆಕೆಂಡು ಕಾಯುತ್ತದೆ, ಆಮೇಲೆ ಯಾರೂ ತಡೆಯಲಾಗದ ಸಿಗ್‌ಕಿಲ್. ಸಿಗ್‌ಟರ್ಮ್ ಅನ್ನು ಹಿಡಿಯದಿದ್ದರೆ ಪಿಎಚ್‌ಪಿ ಇದ್ದಲ್ಲೇ ಸಾಯುತ್ತದೆ, ಡಿಸ್ಟ್ರಕ್ಟರುಗಳೂ ಓಡುವುದಿಲ್ಲ. ಬೇಡದ ಹೊತ್ತಿನಲ್ಲಿ ಓಡಿ ಕನೆಕ್ಷನ್ ಕಡಿದ ಅದೇ ಡಿಸ್ಟ್ರಕ್ಟರುಗಳು! ಹಾಗಾಗಿ ಸಂಕೇತ ಬಂದಾಗ ಒಂದು ಫ್ಲ್ಯಾಗ್ ಮಾತ್ರ ಬದಲಿಸಿ, ಕೈಯಲ್ಲಿರುವ ಪಿಡಿಎಫ್ ಮುಗಿಸಿ, ಮೇಲ್ ಕಳುಹಿಸಿ, ಲೂಪಿನ ತುದಿಯಲ್ಲಿ ಫ್ಲ್ಯಾಗ್ ನೋಡಿ ಹೊರಬೀಳುವಂತೆ ಬರೆದೆ. ಪಿಎಚ್‌ಪಿ 7.1ರಿಂದ ಸಂಕೇತಗಳನ್ನು ಅಸಿಂಕ್ರೊನಸ್ ಆಗಿ ಹಿಡಿಯುವ ಸೌಲಭ್ಯವಿದೆ. ಸಂಕೇತ ಬಂದಿದೆಯೇ ಎಂದು ಕೋಡಿನ ನಡುನಡುವೆ ಮತ್ತೆ ಮತ್ತೆ ನೋಡಿಸಬೇಕಿದ್ದ, ಅದಕ್ಕೆ ಮುಂಚಿನ ಟಿಕ್ಸ್ ಕಾಲವನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಮೆಮೊರಿ ನಿಧಾನವಾಗಿ ಏರುವುದನ್ನು ಮಾತ್ರ ನಾನು ಪೂರ್ತಿ ಗೆಲ್ಲಲಿಲ್ಲ. ನಮ್ಮದೇ ಒಂದು ಕ್ಲಾಸು ಮಾಡಿ ಮುಗಿಸಿದ ಪ್ರತಿ ಕೆಲಸವನ್ನೂ ಒಂದು ಅರೇಯಲ್ಲಿ ಕೂಡಿಡುತ್ತಿದ್ದುದು ಸಿಕ್ಕಿತು. ಪಿಡಿಎಫ್ ಲೈಬ್ರರಿಯ ಒಳಗಿನ ಸೋರಿಕೆ ಸಿಗಲಿಲ್ಲ. ಬೇಸತ್ತು, ಐನೂರು ಕೆಲಸ ಮುಗಿದ ಮೇಲೆ ಡೀಮನ್ ತಾನಾಗಿಯೇ ಹೊರಬೀಳಲಿ ಎಂದು ಬರೆದೆ. ಆಮೇಲೆ ಅದು ಏಳಲೇ ಇಲ್ಲ. ಯೂನಿಟ್ ಕಡತದಲ್ಲಿ ವಿಫಲವಾದರೆ ಮಾತ್ರ ರೀಸ್ಟಾರ್ಟ್ ಎಂದಿತ್ತು, ಇದು ಸೊನ್ನೆ ಕೊಟ್ಟು ಸಭ್ಯವಾಗಿ ಮುಗಿದಿತ್ತು. 'ಯಾವಾಗಲೂ' ಎಂದು ತಿದ್ದಿದೆ.

ಆ ತಿದ್ದುಪಡಿಯನ್ನು ಪರಿಶೀಲಿಸಿದ್ದೂ ಅದೇ ಹಿರಿಯರು. ಓದಿ ಮುಗಿಸಿ ಕೇಳಿದರು: "ಕೆಲಸ ಮಾಡಿ ಸಾಯುತ್ತದೆ, ಮತ್ತೆ ಹುಟ್ಟುತ್ತದೆ. ಇದು ನಿಮ್ಮ ಹಳೆಯ ಕ್ರಾನ್ ಅಲ್ಲವೇ?"

"ಹೌದು ಸರ್," ಎಂದೆ, "ಆದರೆ ಈಗ ಎರಡೆರಡು ಮೇಲ್ ಹೋಗುವುದಿಲ್ಲ."