ಫಿಲ್ಟರ್ ಪೇಪರ್ ಮೇಲಿನ ಕಪ್ಪು ಉಂಗುರ

ಎಣ್ಣೆ ತೆಳ್ಳಗಾಗಿದೆ, ಆದರೆ ಕೆಟ್ಟಿದೆ. ಆ ರಾತ್ರಿ ಲ್ಯಾಬ್‌ನಲ್ಲಿ ನಮ್ಮ ಕೈಗೆ ಬಂದ ಸ್ಯಾಂಪಲ್ ಅಂಥದ್ದು. ಹಡಗಿನ ಇಂಧನ ಮಾಡಲು, ವಿಸ್‌ಬ್ರೇಕರ್‌ನ (ರಿಫೈನರಿಯಲ್ಲಿ ಗಟ್ಟಿ ಎಣ್ಣೆಯನ್ನು ಕಾಯಿಸಿ ತೆಳ್ಳಗೆ ಮಾಡುವ ಯೂನಿಟ್) ತಳದ ಎಣ್ಣೆಗೆ ಡೀಸೆಲ್ ಜಾತಿಯ ಪ್ಯಾರಫಿನ್ ಜಾಸ್ತಿ ಇರುವ ಗ್ಯಾಸ್ ಆಯಿಲ್ ಬೆರೆಸಿದ್ದರು. ಸ್ನಿಗ್ಧತೆ ಬೇಕಾದಷ್ಟೇ ಇತ್ತು. ಆದರೆ ಬಿಸಿ ಎಣ್ಣೆಯ ಒಂದು ಹನಿಯನ್ನು ಫಿಲ್ಟರ್ ಪೇಪರ್ ಮೇಲೆ ಬಿಟ್ಟು, 100 ಡಿಗ್ರಿ ಓವನ್‌ನಲ್ಲಿ ಒಂದು ತಾಸು ಇಟ್ಟು ತೆಗೆದರೆ, ಕಂದು ಕಲೆಯ ನಡುವೆ ದಪ್ಪನೆಯ ಕಪ್ಪು ಉಂಗುರ! ಈ ಸ್ಪಾಟ್ ಟೆಸ್ಟ್‌ನಲ್ಲಿ 1 ಅಂದರೆ ಉಂಗುರವಿಲ್ಲದ ಸಮನಾದ ಕಲೆ, 5 ಅಂದರೆ ನಟ್ಟನಡುವೆ ಕಪ್ಪೇ ಕಪ್ಪು. ನಮ್ಮದು 4.

ಉಂಗುರ ಕಟ್ಟುವುದು ಅಸ್ಫಾಲ್ಟೀನ್, ಎಣ್ಣೆಯಲ್ಲಿರುವ ಭಾರವಾದ ಕಪ್ಪು ಅಂಶ. ಆರೊಮ್ಯಾಟಿಕ್ ಜಾತಿಯ ಟೊಲ್ವೀನ್‌ನಲ್ಲಿ ಕರಗುತ್ತೆ, ಪ್ಯಾರಫಿನ್ ಜಾತಿಯ ಹೆಪ್ಟೇನ್‌ನಲ್ಲಿ ಕರಗಲ್ಲ. ಎಣ್ಣೆಯೊಳಗಿನ ರೆಸಿನ್‌ಗಳು ಅದನ್ನು ಸುತ್ತುವರಿದು ತೇಲಿಸಿ ಇಟ್ಟಿರುತ್ತವೆ. ವಿಸ್‌ಬ್ರೇಕರ್‌ನ ಕಾವಿಗೆ ಆ ಹೊಂದಾಣಿಕೆ ಮೊದಲೇ ಸಡಿಲವಾಗಿರುತ್ತೆ. ಮೇಲಿಂದ ಪ್ಯಾರಫಿನ್ ಸುರಿದರೆ ಉಳಿಯುತ್ತಾ?

ಕಪಾಟಿನಲ್ಲಿ ಡೋಡೆಸಿಲ್‌ಬೆಂಜೀನ್ ಸಲ್ಫೋನಿಕ್ ಆಸಿಡ್ ಇತ್ತು. ಅದರ ಆಸಿಡ್ ತುದಿ ಅಸ್ಫಾಲ್ಟೀನ್‌ಗೆ ಅಂಟಿಕೊಳ್ಳುತ್ತೆ, ಉದ್ದನೆಯ ಬಾಲ ಎಣ್ಣೆಯ ಕಡೆ ಚಾಚಿಕೊಳ್ಳುತ್ತೆ. ಕಣಗಳು ಒಂದಕ್ಕೊಂದು ಹತ್ತಿರ ಬರುವುದು ಕಷ್ಟವಾಗುತ್ತೆ. ಎರಡು ಡಬ್ಬಿ ತಗೊಂಡೆವು. ಒಂದರಲ್ಲಿ ಆಗಲೇ ಕೆಟ್ಟ ಎಣ್ಣೆ, ಅದಕ್ಕೆ ಕೆಮಿಕಲ್. ಇನ್ನೊಂದರಲ್ಲಿ ಬರೀ ತಳದ ಎಣ್ಣೆ. ಅದನ್ನು ಬಿಸಿ ಮಾಡಿ, ಮೊದಲು ಕೆಮಿಕಲ್ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಗ್ಯಾಸ್ ಆಯಿಲ್.

ಎರಡನೇ ಡಬ್ಬಿಯ ಉಂಗುರ ಹುಡುಕಿ ನೋಡಬೇಕಾದಷ್ಟು ತೆಳುವಾಯಿತು, 2 ಅಂತ ಬರೆದೆವು. ಮೊದಲನೆಯದು ಜಗ್ಗಲಿಲ್ಲ. "ಡೋಸ್ ಜಾಸ್ತಿ ಮಾಡಿ ನೋಡೋಣ ಸರ್" ಅಂದ ಜೊತೆಗಾರ. ಮಾಡಿದೆವು, ಉಂಗುರ ಹಾಗೇ ಇತ್ತು. ಕಣಗಳು ಒಮ್ಮೆ ಗುಂಪುಗಟ್ಟಿದ ಮೇಲೆ ಕೆಮಿಕಲ್‌ಗೆ ಒಳಗೆ ಹೋಗಲು ಜಾಗವೇ ಇರಲ್ಲ, ಅಲ್ವಾ! ಮೇಲಾಗಿ ಆಸಿಡ್ ಹೆಚ್ಚಿದಷ್ಟೂ ಎಣ್ಣೆಯ ಆಸಿಡ್ ನಂಬರ್ (ಎಣ್ಣೆಯಲ್ಲಿ ಎಷ್ಟು ಆಸಿಡ್ ಇದೆ ಅನ್ನೋ ಅಳತೆ) ಏರುತ್ತೆ. ಅದನ್ನು ಹೊತ್ತುಕೊಂಡು ಇಂಧನ ಅಂತ ಮಾರೋದು ಇನ್ನೊಂದು ತಲೆನೋವು.

ಕಲೆ ನೋಡಿ ತೀರ್ಮಾನ ಮಾಡೋದು ನನಗೆ ಯಾವತ್ತೂ ಒಪ್ಪಿಗೆ ಇಲ್ಲ, ಕಣ್ಣಿಗೊಂದು ಲೆಕ್ಕ. ಹಾಗಾಗಿ ಎರಡನ್ನೂ 100 ಡಿಗ್ರಿಯಲ್ಲಿ 24 ತಾಸು ಇಟ್ಟು, ಬಿಸಿಬಿಸಿಯಾಗಿಯೇ ಗಾಜುನಾರಿನ ಫಿಲ್ಟರ್‌ನಲ್ಲಿ ಸೋಸಿ, ತೊಳೆದು, ಒಣಗಿಸಿ ತೂಗಿದೆವು. ಹಡಗಿನ ಇಂಧನದಲ್ಲಿ ಸೆಡಿಮೆಂಟ್, ಅಂದರೆ ಹೀಗೆ ಫಿಲ್ಟರ್ ಮೇಲೆ ಉಳಿಯುವ ಗಸಿ, 0.10 ಶೇಕಡಾ ದಾಟುವಂತಿಲ್ಲ. ಎರಡನೆಯದು ಒಳಗೇ ನಿಂತಿತು. ಮೊದಲನೆಯದರ ಫಿಲ್ಟರ್ ಮೇಲೆ ಬೆರಳಿಗೆ ಮಸಿಯ ಹಾಗೆ ಹತ್ತುವ ಪದರ ಕೂತಿತ್ತು.

ಬೆಳಿಗ್ಗೆ ಪ್ಲಾಂಟ್‌ನವರಿಗೆ ಎರಡೇ ಮಾತು ಹೇಳಿದೆವು. ಕೆಮಿಕಲ್ ಅನ್ನು ತಳದ ಎಣ್ಣೆಯ ಪೈಪಿಗೇ ಹಾಕಿ, ಗ್ಯಾಸ್ ಆಯಿಲ್ ಸೇರುವ ಮುಂಚೆ. ಸಾಧ್ಯವಾದಷ್ಟು ಗ್ಯಾಸ್ ಆಯಿಲ್ ಬದಲು ಆರೊಮ್ಯಾಟಿಕ್ ಜಾಸ್ತಿ ಇರುವ ಸೈಕಲ್ ಆಯಿಲ್ (ರಿಫೈನರಿಯ ಕ್ಯಾಟಲಿಟಿಕ್ ಕ್ರ್ಯಾಕರ್ ಯೂನಿಟ್‌ನಿಂದ ಬರುವ ಎಣ್ಣೆ) ಬಳಸಿ. ಸೈಕಲ್ ಆಯಿಲ್ ದುಬಾರಿ ಅಂತ ಗೊಣಗಿದರು. ಕೆಟ್ಟ ಟ್ಯಾಂಕಿನ ಎಣ್ಣೆಯನ್ನು ಮಾತ್ರ ಮಾರುವ ಮಾತೇ ಬರಲಿಲ್ಲ, ವಾಪಸ್ ಯೂನಿಟ್‌ಗೆ ತಿರುಗಿಸಿದರು.