ಮೂಡಿಗೆರೆಯ ಕಣದಲ್ಲಿ ಕುಳಿತು ನೆನೆದ ಮ್ಯೂನಿಕ್

ಅರೇಬಿಕಾ ಕೊಯ್ಲಿನ ಹೊತ್ತಿಗೆ ರಜೆಯ ಮೇಲೆ ಮೂಡಿಗೆರೆಯ ಮನೆಗೆ ಬಂದಿರುವ ನನ್ನನ್ನು, ಕಣದಲ್ಲಿ ಕಾಫಿ ಹರಡುತ್ತಿದ್ದ ಅಜ್ಜಿ, ‘ಜರ್ಮನಿಯಲ್ಲಿ ಇಳಿದಾಗ ಮೊದಲು ಏನನ್ನಿಸಿತು ಮಗಾ?’ ಎಂದು ಕೇಳಿದರು. ಚಳಿ ಎಂದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಭಾನುವಾರ.

ಅಕ್ಟೋಬರಿನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರಿಗೆಂದು ನಾನು ಮ್ಯೂನಿಕ್ ತಲುಪಿದ್ದು ಶನಿವಾರ ರಾತ್ರಿ. ಮರುದಿನ ಅಕ್ಕಿ, ಹಾಲು ಕೊಳ್ಳಲು ಹೊರಟರೆ ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ಯಾವುದೋ ಬಂದ್ ಇರಬೇಕೆಂದೇ ಭಾವಿಸಿದ್ದೆ. ಭಾನುವಾರ ಅಲ್ಲಿ ಕಾನೂನಿನ ಪ್ರಕಾರವೇ ವಿಶ್ರಾಂತಿಯ ದಿನವೆಂದೂ, ರೈಲು ನಿಲ್ದಾಣದ ಮಳಿಗೆ, ಪೆಟ್ರೋಲ್ ಬಂಕ್, ಕೆಲವು ಗಂಟೆ ತೆರೆದಿರುವ ಬೇಕರಿಗಳಂಥವನ್ನು ಬಿಟ್ಟರೆ ಉಳಿದವು ಬಾಗಿಲು ತೆರೆಯುವುದಿಲ್ಲವೆಂದೂ ಹಾಸ್ಟೆಲಿನ ಸಹಪಾಠಿಯೊಬ್ಬ ವಿವರಿಸಿದ. ಅಮ್ಮ ಕಟ್ಟಿಕೊಟ್ಟಿದ್ದ, ಆ ಹೊತ್ತಿಗೆ ಹಪ್ಪಳದಂತಾಗಿದ್ದ ಅಕ್ಕಿರೊಟ್ಟಿಯೇ ಅಂದಿನ ಗತಿಯಾಯಿತು.

ಎರಡು ವಾರದೊಳಗೆ ವಿಳಾಸ ನೋಂದಾಯಿಸುವ ಓಡಾಟ, ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಯಂತ್ರಕ್ಕೆ ಹಾಕಿದರೆ 25 ಸೆಂಟ್ ಠೇವಣಿ ಮರಳುವ ಏರ್ಪಾಡು, ಇವೆಲ್ಲ ಬೇಗನೆ ರೂಢಿಯಾದವು. (ಆ ಯಂತ್ರ ಊರಿನ ಗುಜರಿಯವನಿಗಿಂತ ಪ್ರಾಮಾಣಿಕವೆಂಬುದು ಅಪ್ಪನ ಅಭಿಪ್ರಾಯ.) ಅಕ್ಟೋಬರ್ ಕೊನೆಯ ಭಾನುವಾರ ಮಾತ್ರ ಮತ್ತೆ ಕಾಡಿತು. ಅಂದು ಅವರು ಗಡಿಯಾರವನ್ನು 1 ಗಂಟೆ ಹಿಂದಿಡುವುದರಿಂದ, ನಮ್ಮೊಂದಿಗಿದ್ದ ಮೂರೂವರೆ ಗಂಟೆಯ ಅಂತರ ನಾಲ್ಕೂವರೆಯಾಗಿ, ಮನೆಗೆ ಫೋನ್ ಮಾಡುವ ಹೊತ್ತೇ ತಪ್ಪಿಹೋಯಿತು.

ಎಲ್ಲವನ್ನೂ ಕೇಳಿಸಿಕೊಂಡ ಅಜ್ಜಿ, ‘ಹಾಗಾದರೆ ಅಲ್ಲಿನ ದನಗಳ ಹಾಲು ಕರೆಯುವುದು ಯಾವ ಗಂಟೆಗೆ?’ ಎಂದರು.