3.7 ಇಂಚಿನ ತೋಪು: ಈಗ ಪ್ರಿಡಿಕ್ಟರ್ ಸರದಿ

ತೋಪಿನ ಕೆಲಸ ಹೆಚ್ಚು ಕಡಿಮೆ ಮುಗಿಯಿತು. ಎರಡನೇ ಮಹಾಯುದ್ಧದ ಬ್ರಿಟಿಷ್ 3.7 ಇಂಚಿನ ವಿಮಾನ ನಿರೋಧಕ ತೋಪಿನ ಮಾದರಿ, 1:20 ಅಳತೆಯಲ್ಲಿ. ಅಸಲಿ ನಳಿಕೆ ಸುಮಾರು 4.7 ಮೀಟರ್ ಉದ್ದ, ನನ್ನದು 23.5 ಸೆಂಟಿಮೀಟರ್. ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ಸಿಕ್ಕ ಅಲ್ಯೂಮಿನಿಯಂ ಪೈಪ್ ಇದಕ್ಕೆ ಸರಿಯಾಗಿ ಹೊಂದಿತು. ನಾಲ್ಕು ಕಾಲುಗಳಿಗೆ ಸಾಗವಾನಿ ಚೂರು ಹಾಕಿದ್ದೇನೆ. ಬಣ್ಣ ಇನ್ನೊಂದು ಕೋಟ್ ಬಾಕಿ.

ಮನೆಗೆ ಬಂದವರೆಲ್ಲ ತೋಪನ್ನೇ ನೋಡುತ್ತಾರೆ. ನನಗೆ ಮಾತ್ರ ಜಾಸ್ತಿ ಆಸೆ ಇರುವುದು ಪ್ರಿಡಿಕ್ಟರ್ ಮೇಲೆ, ಅಂದರೆ ತೋಪು ಎಲ್ಲಿಗೆ ಗುರಿ ಇಡಬೇಕು ಅಂತ ಲೆಕ್ಕ ಹಾಕಿ ಹೇಳುವ ಯಂತ್ರದ ಮೇಲೆ. ಅದಿಲ್ಲದೆ ಅಷ್ಟು ದೊಡ್ಡ ತೋಪು ಸುಮ್ನೆ ಸದ್ದು ಮಾಡುತ್ತಿತ್ತು, ಅಷ್ಟೇ.

ಲೆಕ್ಕ ನೋಡಿ. ಗಂಟೆಗೆ 360 ಕಿಲೋಮೀಟರ್ ವೇಗದ ವಿಮಾನ ಸೆಕೆಂಡಿಗೆ 100 ಮೀಟರ್ ಹೋಗುತ್ತದೆ. ಗುಂಡು ವಿಮಾನದ ಎತ್ತರ ಮುಟ್ಟಲು 15 ಸೆಕೆಂಡ್ ಹಿಡಿದರೆ ವಿಮಾನ ಒಂದೂವರೆ ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಚೆನ್ನಮ್ಮ ಸರ್ಕಲ್ ಮೇಲೆ ಕಂಡದ್ದು ಹೊಸೂರಿನ ಹತ್ತಿರ ಇರುತ್ತದೆ, ಅಲ್ವಾ? ಹಾಗಾಗಿ ವಿಮಾನ ಇನ್ನೂ ಬಂದಿಲ್ಲದ ಜಾಗಕ್ಕೆ ಗುರಿ ಇಡಬೇಕು. ಗುಂಡು ಎಷ್ಟು ಸೆಕೆಂಡಿಗೆ ಸಿಡಿಯಬೇಕು ಅನ್ನುವುದನ್ನೂ ಮೊದಲೇ ಗುಂಡಿನ ತುದಿಯ ಫ್ಯೂಸ್‌ನಲ್ಲಿ ತಿರುಗಿಸಿ ಇಡಬೇಕು.

ಎತ್ತರ ಅಳೆಯಲು ಉದ್ದ ಕೊಳವೆಯಂಥ ಬೇರೆ ಉಪಕರಣ ಇತ್ತು. ಆ ಎತ್ತರವನ್ನು ಪ್ರಿಡಿಕ್ಟರ್‌ಗೆ ಕೊಟ್ಟು, ಅದರ ದೂರದರ್ಶಕದಲ್ಲಿ ವಿಮಾನವನ್ನು ಬಿಡದೆ ಹಿಂಬಾಲಿಸುತ್ತಿದ್ದರು. ಒಳಗಿನ ಹಲ್ಲಿನ ಚಕ್ರಗಳು ಲೆಕ್ಕ ಮಾಡಿ ದಿಕ್ಕು, ಏರುಕೋನ, ಫ್ಯೂಸ್ ಹೊತ್ತು ಮೂರನ್ನೂ ಹೇಳುತ್ತಿದ್ದವು. ಅದು ಕೇಬಲ್ ಮೂಲಕ ನಾಲ್ಕು ತೋಪುಗಳ ಡಯಲ್‌ಗೆ ಹೋಗುತ್ತಿತ್ತು. ತೋಪು ತಿರುಗಿಸುವವನು ಆಕಾಶ ನೋಡಬೇಕಿರಲಿಲ್ಲ. ಡಯಲ್‌ನ ಒಂದು ಮುಳ್ಳಿಗೆ ಇನ್ನೊಂದು ಮುಳ್ಳು ಕೂಡಿಸಿದರೆ ಸಾಕು. ತಲೆ ಮೇಲೆ ಬಾಂಬರ್ ಇದ್ದಾಗ ಬರೀ ಮುಳ್ಳು ನೋಡಿಕೊಂಡು ಕೂರುವುದು! ಅವರ ಧೈರ್ಯ ನನಗೆ ಇಲ್ಲೇ ಕಾಣುವುದು. ಪಕ್ಕದಲ್ಲಿ ಒಬ್ಬ ಸುಮಾರು 22 ಕಿಲೋ ತೂಕದ ತೋಟಾಗಳನ್ನು ಒಂದರ ಹಿಂದೆ ಒಂದು ಎತ್ತಿ ತುಂಬುತ್ತಿರಬೇಕು.

ನಮ್ಮ ಜವಾನರಿಗೆ ಈ ವಿದ್ಯೆ ಕಲಿಸಲು ಶುರು ಮಾಡಿದ್ದು 1940ರಲ್ಲಿ, ಮುಂಬೈನ ಕೊಲಾಬಾದಲ್ಲಿ. 1942ರ ಏಪ್ರಿಲ್ 6ಕ್ಕೆ ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಂದವು, ಡಿಸೆಂಬರ್‌ನಲ್ಲಿ ಕೋಲ್ಕತ್ತಾ ಮೇಲೆ. ಕಲಿಯಲು ಸಿಕ್ಕ ಕಾಲ ಭಾಳ ಕಡಿಮೆ.

ನನ್ನ ಪ್ರಿಡಿಕ್ಟರ್ ದಪ್ಪ ರಟ್ಟಿನದು. ಒಂದು ಬದಿಗೆ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ. ಒಳಗೆ ಧಾರವಾಡದ ಗಡಿಯಾರ ರಿಪೇರಿ ಅಂಗಡಿಯವರು ಕೊಟ್ಟ ಹಳೇ ಚಕ್ರಗಳು. ಹಿಡಿಕೆ ತಿರುಗಿಸಿದರೆ ದಾರ ಎಳೆದು ತೋಪಿನ ಡಯಲ್‌ನ ಮುಳ್ಳು ತಿರುಗುತ್ತದೆ. ದಿಕ್ಕಿನ ಮುಳ್ಳು ಈಗ ಚೆನ್ನಾಗಿ ಓಡುತ್ತಿದೆ. ಏರುಕೋನದ್ದು ವಾಪಸ್ ಬರುವಾಗ ಸ್ವಲ್ಪ ಹಿಂದೆ ಬೀಳುತ್ತದೆ, ದಾರ ಸಡಿಲ. ಬಾಲ್ ಪೆನ್ನಿನ ಸ್ಪ್ರಿಂಗ್ ಹಾಕಿ ನೋಡುತ್ತೇನೆ. ಅದು ಕೂತರೆ ಮುಂದಿನ ಕೆಲಸ ಜವಾನರ ಗೊಂಬೆಗಳು. ಮೊದಲು ಪ್ರಿಡಿಕ್ಟರ್‌ನವರು, ಆಮೇಲೆ ತೋಪಿನವರು.